‘ಮೂರು ವರ್ಷ ತನಕ ಕಾಯಿರಿ’ ಸಂದೇಶ ಸರಿಯಲ್ಲ

ವಿಜಯಪುರದ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಗಂಡು ಮಕ್ಕಳಿಗೆ ಮಾತು ತಡ. ಮೂರು ವರ್ಷ ತನಕ ಕಾಯಿರಿ, ನಾಲಿಗೆಗೆ ಬಜೆ ತಿಕ್ಕಿದರೆ ಸಾಕು.’

ಗಂಡು ಮಕ್ಕಳು ಮಾತಿನಲ್ಲಿ ತುಸು ಹಿಂದಿರಬಹುದು, ನಿಜ. ಆದರೆ ವರ್ಷಗಟ್ಟಲೆ ಅಲ್ಲ. 2 ವರ್ಷಕ್ಕೆ ‘ಅವ್ವಾ ಬಾ’, ‘ಹಾಲು ಬೇಕು’ ಅಂತ ಎರಡು ಪದ ಕೂಡಿಸಬೇಕು. ಇಲ್ಲದಿದ್ದರೆ ಡಾಕ್ಟರಿಗೆ ತೋರಿಸಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ. ಬಾಗಿಲು ಬಡಿದರೆ ತಿರುಗಿ ನೋಡುತ್ತದೆ ಅಲ್ವಾ ಅಂತ ಸುಮ್ನೆ ಕೂರಬೇಡಿ. ಜೋರು ಸದ್ದು ಕೇಳುವ ಮಗುವಿಗೂ ಮೆಲ್ಲನೆಯ ಮಾತು ಕೇಳದಿರಬಹುದು. ಬರುತ್ತಿದ್ದ ಮಾತು ನಿಂತುಹೋದರಂತೂ ಒಂದು ದಿನವೂ ಕಾಯಬೇಡಿ.

ಬಜೆಯಿಂದ ಮಾತು ಬರುವುದಿಲ್ಲ. (ಅಜ್ಜಿಯರು ಬೈಯಬಹುದು!) ಸರ್ಕಾರದ ಮಕ್ಕಳ ಆರೋಗ್ಯ ಕಾರ್ಯಕ್ರಮವಾದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡ ವರ್ಷಕ್ಕೆ 2 ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡುತ್ತದೆ. ಯಾವತ್ತು ಬರುತ್ತಾರೆಂದು ಅಂಗನವಾಡಿ ಟೀಚರನ್ನು ಕೇಳಿಟ್ಟುಕೊಳ್ಳಿ.