ಕೇಕ್ ತನ್ನಿ, ಬೇಡ ಅನ್ನಲ್ಲ. ಅಡುಗೆ ಮಾಡುವವರನ್ನು ಯಾಕೆ ಪಕ್ಕಕ್ಕೆ ಸರಿಸ್ತೀರಿ?

ಸಿಟ್ಟು ಇನ್ನೂ ಇಳಿದಿಲ್ಲ. ಹಾಗಾಗಿ ಈ ಬರಹ ಉದ್ದ ಆಗುತ್ತೆ. ಪುರುಸೊತ್ತಿಲ್ಲದವರು ಈಗಲೇ ಮುಂದಕ್ಕೆ ಹೋಗಿಬಿಡಿ.

ಮದ್ದೂರು ಕಡೆ ನಮ್ಮೂರಿಗೆ ಹೋಗಿದ್ದೆ. ಅಣ್ಣ ಈಗ ಅಲ್ಲಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ. ಅವನ ವಾಟ್ಸಾಪ್ ಸ್ಟೇಟಸ್ ನೋಡಿ ನೋಡಿ ನಿಮ್ಮಲ್ಲಿ ಅರ್ಧ ಜನಕ್ಕೆ ಇದು ಗೊತ್ತೇ ಇದೆ. ‘ಶಾಲೇಲಿ ಇವತ್ತು ಪ್ರೋಗ್ರಾಂ ಐತೆ, ಬಾ’ ಅಂದ. ಹೋದೆ. ಮೈಸೂರಿನಿಂದ ಒಬ್ಬ ಮಹನೀಯರು ಮಗನ ಹುಟ್ಟುಹಬ್ಬವನ್ನು ಹಳ್ಳಿ ಮಕ್ಕಳ ಜೊತೆ ಆಚರಿಸೋಕೆ ಬಂದಿದ್ದರು. ಕೇಕು, ಪಫ್ಸು, ಬಲೂನು, ಜೊತೆಗೊಬ್ಬ ಕ್ಯಾಮೆರಾದವನು. ಊಟದ ಬೆಲ್ ಹೊಡೆದು ಎಷ್ಟೋ ಹೊತ್ತಾಗಿತ್ತು. ಮಕ್ಕಳು ತಟ್ಟೆ ಹಿಡಿದುಕೊಂಡು ಸಾಲಾಗಿ ಕೂತಿದ್ದಾರೆ, ಸಾಂಬಾರ್ ಆರ್ತಾ ಇದೆ, ಇವರದು ‘ಇನ್ನೊಂದು, ಇನ್ನೊಂದು’ ಅಂತ ಫೋಟೊ ನಡೀತಾನೇ ಇದೆ. ಹಿಂದೆ ಅನ್ನದ ಪಾತ್ರೆ ಹಿಡಿದು ನಿಂತಿದ್ದ ಬಿಸಿಯೂಟದ ಅಡುಗೆಯವರು ಫ್ರೇಮಿಗೆ ಬಂದರಂತೆ. ಕ್ಯಾಮೆರಾದವನು ಅಂದ: ‘ಅಮ್ಮಾ, ನೀವು ಸ್ವಲ್ಪ ಆ ಕಡೆ ಹೋಗಿ.’

ಅವರು ಸೆರಗಿಗೆ ಕೈ ಒರೆಸಿಕೊಂಡು ಆ ಕಡೆ ಹೋದರು.

ಅಷ್ಟೇ ಆಗಿದ್ದು. ಯಾರೂ ಯಾರನ್ನೂ ಬೈಯಲಿಲ್ಲ, ಜಗಳ ಆಗಲಿಲ್ಲ. ‘ಇಷ್ಟಕ್ಕೆ ಇವಳಿಗೆ ಸಿಟ್ಟಾ’ ಅಂತ ನೀವು ಅಂದುಕೊಳ್ಳಬಹುದು. ಹೌದು, ಇಷ್ಟಕ್ಕೇ.

ಆಮೇಲೆ ಅಡುಗೆ ಕೋಣೆಗೆ ಹೋಗಿ ಅವರ ಜೊತೆ ಕೂತೆ. ಹೆಸರು ಹಾಕಲ್ಲ, ನಾಳೆ ಯಾರೋ ಅವರಿಗೆ ನೋಟಿಸ್ ಕೊಡೋದು ಬೇಡ. ಅವತ್ತಿನ ಮೊಟ್ಟೆಗಳನ್ನು ಸುಲಿದಿದ್ದ ಸಿಪ್ಪೆ ಒಂದು ಬಕೆಟ್ ತುಂಬ ಇತ್ತು. ಬೇಯಿಸಿದ ಮೊಟ್ಟೆಯನ್ನು ತಣ್ಣೀರಿಗೆ ಹಾಕಿ, ಇನ್ನೂ ಒಳಗೆ ಬಿಸಿ ಇರುವಾಗಲೇ ಸುಲಿಯಬೇಕು. ಆರೋಕೆ ಬಿಟ್ಟರೆ ಸಿಪ್ಪೆ ಕಚ್ಚಿಕೊಂಡು ಅರ್ಧ ಮೊಟ್ಟೆ ಅದರ ಜೊತೆಗೇ ಹೋಗುತ್ತೆ. ತೊಂಬತ್ತು ಚಿಲ್ಲರೆ ಮಕ್ಕಳು. ಸಿಪ್ಪೆ ಚೂರು ಉಗುರ ಸಂದಿಗೆ ಹೋಗಿ ಅವರ ಹೆಬ್ಬೆರಳಿನ ತುದಿ ಕೆಂಪಗೆ ಊದಿತ್ತು. ‘ಡಾಕ್ಟ್ರಿಗೆ ತೋರ್ಸಕ್ಕಿಲ್ವಾ ಅಕ್ಕಾ’ ಅಂದೆ. ‘ಅಯ್ಯೋ, ದಿನಾ ಸುಲಿಯದು ಕಣವ್ವಾ, ದಿನಾ ತೋರ್ಸಕಾಯ್ತದಾ’ ಅಂದು ನಕ್ಕರು.

ಮೊಟ್ಟೆ ಅಂದ ತಕ್ಷಣ ನಮ್ಮ ಜನಕ್ಕೆ ಎಲ್ಲಿಲ್ಲದ ಉತ್ಸಾಹ ಬರುತ್ತೆ. ಕೊಡಬೇಕಾ ಬೇಡವಾ, ಯಾರ ಧರ್ಮಕ್ಕೆ ಏನಾಯ್ತು, ಬಾಳೆಹಣ್ಣು ಸಾಕಾಗಲ್ವಾ. 2025ರಲ್ಲಿ ನಮ್ಮ ಮಂಡ್ಯ ತಾಲ್ಲೂಕಿನ ಆಲಕೆರೆಯಲ್ಲಿ ದೇವಸ್ಥಾನದ ಹತ್ತಿರದ ಶಾಲೆಯಲ್ಲಿ ಮೊಟ್ಟೆ ಬೇಯಿಸೋದು ಬೇಡ ಅಂತ ಗಲಾಟೆಯಾಗಿ, ಎಷ್ಟೋ ಪೋಷಕರು ಮಕ್ಕಳ ಟಿಸಿನೇ ತೆಗೆದುಕೊಂಡು ಹೋದರು. ಟಿವಿಯವರು ಬಂದರು, ಅಧಿಕಾರಿಗಳು ಬಂದರು. ಎಲ್ಲರ ಬಾಯಲ್ಲೂ ಮೊಟ್ಟೆಯೇ. ಅದನ್ನು ಬೇಯಿಸಿ ಸುಲಿಯುವವರು ಯಾರು, ಅವರಿಗೆ ಎಷ್ಟು ಸಿಗುತ್ತೆ ಅನ್ನೋ ಮಾತು ನನ್ನ ಕಿವಿಗಂತೂ ಬೀಳಲಿಲ್ಲ.

ಎಷ್ಟು ಸಿಗುತ್ತೆ ಹೇಳ್ತೀನಿ ಕೇಳಿ. ಮುಖ್ಯ ಅಡುಗೆಯವರಿಗೆ ತಿಂಗಳಿಗೆ 4,700 ರೂಪಾಯಿ. ಸಹಾಯಕಿಗೆ 4,600. ಇದೂ 2025ರ ರಾಜ್ಯ ಬಜೆಟ್‌ನಲ್ಲಿ ಸಾವಿರ ರೂಪಾಯಿ ಜಾಸ್ತಿ ಮಾಡಿದ ಮೇಲಿನ ಲೆಕ್ಕ. ಇದಕ್ಕೆ ಸಂಬಳ ಅನ್ನೋ ಹಾಗಿಲ್ಲ, ಗೌರವಧನ ಅನ್ನಬೇಕು. ಕೇಂದ್ರದ ಲೆಕ್ಕದಲ್ಲಿ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು ಮಾತ್ರ. ಆ 1,000 ನಿಗದಿಯಾಗಿದ್ದು 2009ರಲ್ಲಿ. 2009ರಲ್ಲಿ ಒಂದು ಲೀಟರ್ ಹಾಲು ಎಷ್ಟಿತ್ತು, ಈಗ ಎಷ್ಟಿದೆ, ನೀವೇ ಲೆಕ್ಕ ಹಾಕಿ. ಆ 1,000ದಲ್ಲೂ ಕೇಂದ್ರ ಕೊಡೋದು 600, ಉಳಿದ ದುಡ್ಡೆಲ್ಲ ರಾಜ್ಯದ್ದು. ಸಹಾಯಕಿಯ 4,600ನ್ನು 24 ದಿನಕ್ಕೆ ಹಂಚಿದರೆ ದಿನಕ್ಕೆ 190 ರೂಪಾಯಿ ಚಿಲ್ಲರೆ ಆಗುತ್ತೆ. 2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ದಿನಗೂಲಿ 370 ರೂಪಾಯಿ ಇತ್ತು. ಅಂದರೆ ಕೆರೆ ಹೂಳೆತ್ತಿದರೆ ಸಿಗೋದರಲ್ಲಿ ಅರ್ಧ ಚಿಲ್ಲರೆ, ಮಕ್ಕಳಿಗೆ ಅನ್ನ ಬೇಯಿಸಿದರೆ. ನಮ್ಮ ಕಡೆ ನಾಟಿಗೆ ಹೋದರೂ ಇದಕ್ಕಿಂತ ಜಾಸ್ತಿ ಸಿಗುತ್ತೆ, ಮಧ್ಯಾಹ್ನ ಮುದ್ದೆ ಊಟ ಬೇರೆ.

ಈಗ ಕಾಮೆಂಟ್‌ನಲ್ಲಿ ಯಾರಾದರೂ ಬಂದೇ ಬರ್ತಾರೆ. ‘ಮೇಡಂ, ಅದು ಪಾರ್ಟ್ ಟೈಮ್ ಕೆಲಸ ಅಲ್ವಾ, ಮಧ್ಯಾಹ್ನಕ್ಕೆ ಮುಗಿಯುತ್ತೆ.’ ಸರಿ ಸ್ವಾಮಿ. ಬೆಳಿಗ್ಗೆ ಮೊದಲು ಹಾಲು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಶುರುವಾಯ್ತು. ಒಂದು ಮಗುವಿಗೆ 18 ಗ್ರಾಂ ಪುಡಿಯಿಂದ 150 ಎಂಎಲ್ ಹಾಲು. ಪುಡಿ ಗಂಟು ಕಟ್ಟದ ಹಾಗೆ ಕದಡಬೇಕು, ತಳ ಹಿಡಿಯದ ಹಾಗೆ ಕಾಯಿಸಬೇಕು. 2024ರಿಂದ ವಾರಕ್ಕೆ ಮೂರು ದಿನ ಅದಕ್ಕೆ ರಾಗಿ ಮಾಲ್ಟ್ ಸೇರಿಸಬೇಕು. ಆ ಲೋಟಗಳನ್ನು ತೊಳೆಯೋ ಹೊತ್ತಿಗೆ ಅಕ್ಕಿ ಆರಿಸಬೇಕು, ತರಕಾರಿ ಹೆಚ್ಚಬೇಕು, ಬೇಳೆ ಬೇಯಿಸಬೇಕು. ಆಮೇಲೆ ಮೊಟ್ಟೆ. ಮೊದಲು ವಾರಕ್ಕೊಂದು ಇತ್ತು, ಆಮೇಲೆ ಎರಡಾಯ್ತು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡು ಸೇರಿ ಆರು ದಿನ ಆಯ್ತು. ಮಕ್ಕಳಿಗೆ ಇದು ಬಹಳ ಒಳ್ಳೆಯದಾಯ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಲಸ ಮೂರು ಪಟ್ಟಾಯ್ತು, ಕೈಗಳು ಅವೇ ಇವೆ. 26ರಿಂದ 100 ಮಕ್ಕಳಿರುವ ಶಾಲೆಗೆ ಇಬ್ಬರು ಅಡುಗೆಯವರು ಅನ್ನೋದು ಕೇಂದ್ರದ ನಿಯಮ. ಮಕ್ಕಳಿಗೆ ದಿನಕ್ಕೊಂದು ಅನ್ನ-ಸಾರು ಅಂತಿದ್ದ ಕಾಲದ ಲೆಕ್ಕ ಅದು. ಊಟ ಆದ ಮೇಲೆ ಪಾತ್ರೆ, ಒಲೆ, ನೆಲ, ಮತ್ತೆ ನಾಳೆಗೆ ಸಾಮಾನು ಇದೆಯಾ ಅಂತ ನೋಡೋದು. ಇಷ್ಟೆಲ್ಲ ಮುಗಿಸಿ ಮನೆಗೆ ಹೋಗೋದು ಎಷ್ಟು ಗಂಟೆಗೆ ಅಂತ ಕೇಳಿದೆ. ‘ಮೂರೂವರೆ, ನಾಕು. ಹಸ ಕಟ್ಟೋ ಹೊತ್ಗೆ ಓಡ್ಬೇಕು.’ ಪಾರ್ಟ್ ಟೈಮಂತೆ, ಪಾರ್ಟ್ ಟೈಮು.

ಇನ್ನೊಂದು ವಾದ ಇದೆ. ಪಟ್ಟಣದ ಕಡೆ ಮಾಡುವ ಹಾಗೆ ಒಂದೇ ದೊಡ್ಡ ಅಡುಗೆಮನೆಯಿಂದ ವ್ಯಾನಿನಲ್ಲಿ ಊಟ ಕಳಿಸಿದರೆ ಈ ರಗಳೆನೇ ಇರಲ್ಲ ಅನ್ನೋದು. ಹೌದು, ಶುಚಿ ಇರುತ್ತೆ, ಲೆಕ್ಕ ಸಲೀಸು. ಆದರೆ ವ್ಯಾನಿನಲ್ಲಿ ಬಂದ ಪಾತ್ರೆಗೆ ಯಾವ ಮಗು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಬಂದಿದೆ ಅಂತ ಗೊತ್ತಾಗಲ್ಲ. ಈ ಅಕ್ಕನಿಗೆ ಗೊತ್ತು. ಮೂರನೇ ಕ್ಲಾಸಿನ ಒಬ್ಬ ಹುಡುಗನಿಗೆ ಕೇಳದೇನೇ ಎರಡನೇ ಸೌಟು ಹಾಕಿದರು, ನಾನೇ ನೋಡಿದೆ. ಅವನ ಅಪ್ಪ ಕಬ್ಬು ಕಡಿಯೋಕೆ ಹೋದರೆ ಮನೆಯಲ್ಲಿ ಒಲೆ ಹಚ್ಚೋರು ಯಾರೂ ಇಲ್ಲವಂತೆ. ಈ ವಾದವನ್ನು ಇಲ್ಲಿಗೆ ಬಿಡ್ತೀನಿ.

ದುಡ್ಡಿನ ವಿಷಯಕ್ಕೇ ಮತ್ತೆ ಬರ್ತೀನಿ, ಬೇಜಾರಾಗಬೇಡಿ. ಅಕ್ಕಿ ಸರ್ಕಾರದ್ದು, ಅದು ಬೇರೆ. ಬೇಳೆ, ತರಕಾರಿ, ಎಣ್ಣೆ, ಉಪ್ಪು, ಖಾರ, ಗ್ಯಾಸ್ ಎಲ್ಲಕ್ಕೂ ಸೇರಿ 2025ರ ಮೇ ತಿಂಗಳಿಂದ ಪ್ರಾಥಮಿಕ ತರಗತಿಯ ಒಂದು ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ. ಹಿರಿಯ ಪ್ರಾಥಮಿಕಕ್ಕೆ 10 ರೂಪಾಯಿ 17 ಪೈಸೆ. ಇದರಲ್ಲಿ ಚಿಕ್ಕ ಮಕ್ಕಳಿಗೆ 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಬೀಳಲೇಬೇಕು. ಮೊಟ್ಟೆಗೆ ಕೊಡೋದು 6 ರೂಪಾಯಿ, ಬೇಯಿಸೋ ಗ್ಯಾಸು, ಸುಲಿಯೋ ಕೂಲಿ ಎಲ್ಲ ಅದರಲ್ಲೇ. ಚಳಿಗಾಲದಲ್ಲಿ ಅಂಗಡಿಯಲ್ಲಿ ಮೊಟ್ಟೆ ಏಳು ರೂಪಾಯಿ ಮುಟ್ಟಿದರೆ ಸುಲಿಯೋ ಕೂಲಿ ಎಲ್ಲಿಂದ ಬರಬೇಕು? ಹೆಡ್ ಮಾಸ್ಟರ್ ಜೇಬಿಂದ ಮೊಟ್ಟೆ ಬರುತ್ತೆ, ಕೂಲಿ ಬರಲ್ಲ. ಅವತ್ತು ತಂದಿದ್ದ ಒಂದೊಂದು ಪಫ್ಸಿಗೆ ಎಷ್ಟಾಗಿರುತ್ತೆ ಅಂತ ಮೈಸೂರಿನ ಯಾವ ಬೇಕರಿಯಲ್ಲಾದರೂ ಕೇಳಿ ನೋಡಿ.

ನಾನು ಮೇಷ್ಟ್ರ ಮಗಳಲ್ಲ, ಗೌಡರ ಮಗಳೂ ಅಲ್ಲ. ನಾವು ಓದುವಾಗ ಬಿಸಿಯೂಟ ಇರಲಿಲ್ಲ, ಶಾಲೆಯಲ್ಲಿ ‘ಕೇರ್’ ಅನ್ನೋ ಅಮೆರಿಕದ ನೆರವು ಸಂಸ್ಥೆಯವರ ಉಪ್ಪಿಟ್ಟು ಇತ್ತು, ಹಳದಿ ಬಣ್ಣದ್ದು. ನಾನು ಅರ್ಧ ತಿಂದು ಅರ್ಧವನ್ನು ನೋಟ್‌ಬುಕ್ ಹಾಳೆಯಲ್ಲಿ ಕಟ್ಟಿಕೊಂಡು ತಮ್ಮನಿಗೆ ಒಯ್ತಿದ್ದೆ. ಮನೆ ಮುಟ್ಟೋ ಹೊತ್ತಿಗೆ ಹಾಳೆ ಎಣ್ಣೆ ಕುಡಿದು ಲೆಕ್ಕದ ಅಂಕಿ ಉಪ್ಪಿಟ್ಟಿಗೆ ಅಂಟಿರ್ತಿತ್ತು. ತಮ್ಮ ಅದನ್ನೂ ತಿಂತಿದ್ದ. ಇದನ್ನು ಇಲ್ಲಿವರೆಗೂ ಯಾರಿಗೂ ಹೇಳಿರಲಿಲ್ಲ. ಈಗ ಯಾಕೆ ಹೇಳಿದೆನೋ. ಆ ಉಪ್ಪಿಟ್ಟು ಬೇಯಿಸ್ತಿದ್ದ ಹೆಂಗಸಿನ ಮುಖ ಮಾತ್ರ ಎಷ್ಟು ನೆನಪು ಮಾಡಿಕೊಂಡರೂ ಬರ್ತಾ ಇಲ್ಲ.

ಆಮೇಲೆ 1995ರಲ್ಲಿ ಹಾಜರಿ 80 ಪರ್ಸೆಂಟ್ ಇದ್ದರೆ ತಿಂಗಳಿಗೆ 3 ಕೆ.ಜಿ. ಧಾನ್ಯ ಕೊಡೋ ಯೋಜನೆ ಬಂತು. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಧಾನ್ಯ ಅಲ್ಲ, ಬೇಯಿಸಿದ ಊಟವನ್ನೇ ಕೊಡಿ ಅಂತಾಯ್ತು. 2002ರಲ್ಲಿ ನಮ್ಮಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ, ಅಂದರೆ ಈ ಬಿಸಿಯೂಟ, ಶುರುವಾಗಿ ಆಮೇಲೆ ನಮ್ಮ ಕಡೆಗೂ ಬಂತು. ನೋಡಿ, ಬೇಯಿಸಿದ ಊಟ ಅಂತ ಕೋರ್ಟೇ ಹೇಳಿದೆ. ಬೇಯಿಸೋಕೆ ಒಬ್ಬರು ಬೇಕಲ್ವಾ? ಊಟ ಮಗುವಿನ ಹಕ್ಕು ಅಂತೀವಿ, ಸರಿ. ಅದನ್ನು ಮಾಡಿ ಬಡಿಸುವವರಿಗೆ ಮಾತ್ರ ‘ಸೇವೆ’ ಅಂತ ಹೇಳಿ ಗೌರವಧನ ಕೊಡ್ತೀವಿ. ಸೇವೆ ಮಾಡೋಕೆ ಬಡ ಹೆಂಗಸರೇ ಯಾಕೆ ಬೇಕು, ನಾವು ನೀವು ವಾರಕ್ಕೊಂದು ದಿನ ಹೋಗಿ ಮೊಟ್ಟೆ ಸುಲಿಯೋಣ ಬನ್ನಿ.

ಈ ಅಕ್ಕನಿಗೆ ಅರವತ್ತು ಹತ್ತಿರ ಬಂದಿದೆ. ಅರವತ್ತಾದರೆ ಬಿಡಬೇಕು. ಪಿಂಚಣಿ ಇಲ್ಲ. 15 ವರ್ಷಕ್ಕಿಂತ ಹೆಚ್ಚು ದುಡಿದವರಿಗೆ 40,000 ರೂಪಾಯಿ ಇಡುಗಂಟು ಅಂತ ಸರ್ಕಾರ ಮಾಡಿದೆ. ಅದನ್ನೂ ಹೋರಾಡಿಯೇ ಪಡೆದಿದ್ದು, ಎಷ್ಟು ಸಲ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಕೂತರೋ. ‘ಅಷ್ಟಾದ್ರೂ ಕೊಡ್ತಾವ್ರಲ್ಲ ಬುಡವ್ವ’ ಅಂದರು. ನನಗೆ ಅವರ ಮೇಲೂ ಸಿಟ್ಟು ಬಂತು, ನಿಜ ಹೇಳ್ತೀನಿ. ಇಷ್ಟು ತಾಳ್ಮೆ ಯಾಕೆ ಇರಬೇಕು ಅಂತ.

ಹುಟ್ಟುಹಬ್ಬ ಮಾಡೋರಿಗೆ ಬೈತಿದ್ದಾಳೆ ಅಂತ ನನ್ನ ಮೇಲೆ ಬೀಳಬೇಡಿ. ಕೊಡೋರು ಕೊಡಿ, ಮಕ್ಕಳು ಕೇಕ್ ತಿಂದು ಖುಷಿಯಾಗಿದ್ದೂ ನಿಜ. ಊಟದ ಹೊತ್ತಿಗೆ ಬರಬೇಡಿ, ಬರೋ ಮೊದಲು ಅಡುಗೆ ಕೋಣೆಗೆ ಹೋಗಿ ಏನು ಬೇಕು ಅಂತ ಒಂದು ಮಾತು ಕೇಳಿ. ನಮ್ಮೂರ ಶಾಲೆಯಲ್ಲಿ ಮಿಕ್ಸಿ ಮೋಟಾರು ಸುಟ್ಟು ಹೋಗಿದೆ. ಅಕ್ಕ ಸಾಂಬಾರ್ ಖಾರವನ್ನು ಮನೆಯಲ್ಲಿ ತಮ್ಮ ಕರೆಂಟಿನಲ್ಲಿ ರುಬ್ಬಿಕೊಂಡು ತರ್ತಿದ್ದಾರೆ. ದೊಡ್ಡ ಜಾರ್ ಇರೋ ಗಟ್ಟಿ ಮಿಕ್ಸಿ ಬೇಕು, ಜೊತೆಗೆ ಕೈಗವಸು ನಾಲ್ಕೈದು ಜೊತೆ. ಕೊಡಿಸುವ ಮನಸ್ಸಿದ್ದವರು ಇನ್‌ಬಾಕ್ಸಿಗೆ ಬನ್ನಿ. ದುಡ್ಡು ನನಗೆ ಕಳಿಸಬೇಡಿ, ಮದ್ದೂರಿನ ಅಂಗಡಿಯ ನಂಬರ್ ಕೊಡ್ತೀನಿ, ನೇರವಾಗಿ ಅವರಿಗೇ ಹಾಕಿ. ಬಿಲ್ ಶಾಲೆ ಹೆಸರಲ್ಲೇ ಇರಲಿ.