ಹಲ್ಲೂ ಇದೆ, ಕಡಲೆಯೂ ಇದೆ

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುವುದು ಮನುಷ್ಯರ ಪಾಡು. ಎರಡನ್ನೂ ಒಟ್ಟಿಗೆ ಪಡೆದು ಬಂದ ಜೇಡವೊಂದಿದೆ. ಡಿಸ್ಡೆರಾ ಕ್ರೊಕಾಟಾ ಅಂತ ಅದರ ಹೆಸರು. 1838ರಲ್ಲಿ ಕೋಖ್ ಎಂಬ ಜರ್ಮನ್ ವಿಜ್ಞಾನಿ ಇಟ್ಟದ್ದು.

ಮೊದಲು ಕಡಲೆಯ ವಿಚಾರ. ತೇವದ ಮಣ್ಣಿನ ಮೇಲೆ ಬಹಳ ದಿನದಿಂದ ಬಿದ್ದಿರುವ ಕಲ್ಲನ್ನೋ ಕೊಳೆತ ದಿಮ್ಮಿಯನ್ನೋ ಎತ್ತಿದರೆ ಬೂದು ಬಣ್ಣದ ಹುಳುಗಳು ಗಡಿಬಿಡಿಯಿಂದ ಚದುರುತ್ತವೆ. ಇವೇ ವುಡ್‌ಲೌಸ್‌ಗಳು. ಹುಳು ಅಂತ ಸುಮ್ನೆ ರೂಢಿಗೆ ಅಂದೆ, ನಿಜವಾಗಿ ಇವು ಏಡಿ, ಸಿಗಡಿಗಳ ನೆಂಟರು. ನೆಲಕ್ಕೆ ಬಂದು ಯಾವ ಕಾಲವಾಯಿತೋ, ಉಸಿರಾಡಲು ಇನ್ನೂ ತೇವ ಬೇಕು. 14 ಕಾಲು. ಬೆನ್ನ ಮೇಲೆ ಒಂದರ ಅಂಚಿಗೊಂದು ಹೊಂದಿಕೊಂಡ ಗಟ್ಟಿ ಪಟ್ಟಿಗಳು. ಕೆಲವು ಜಾತಿಯವು ಮುಟ್ಟಿದ ಕೂಡಲೇ ಉಂಡೆಯಾಗಿಬಿಡುತ್ತವೆ. ಸಾಲದ್ದಕ್ಕೆ, ಬಾಯಿಗೆ ರುಚಿಸದ ದ್ರವವನ್ನೂ ಒಸರಿಸುತ್ತವೆ. ಇಷ್ಟೆಲ್ಲ ತಾಪತ್ರಯ ಯಾರಿಗೆ ಬೇಕು? ಎಷ್ಟೋ ಜೇಡಗಳು ಇವುಗಳ ತಂಟೆಗೇ ಹೋಗುವುದಿಲ್ಲ.

ನಮ್ಮ ಜೇಡ ಹೋಗುತ್ತದೆ. ಅದಕ್ಕೆ ಬೇಕಾದ ಹಲ್ಲು ಅದರ ಹತ್ತಿರ ಇದೆ. ಇಡೀ ಮೈ ಒಂದು, ಒಂದೂವರೆ ಸೆಂಟಿಮೀಟರ್ ಅಷ್ಟೇ, ಗಂಡು ಇನ್ನೂ ಸ್ವಲ್ಪ ಚಿಕ್ಕದು. ಕೋರೆಹಲ್ಲು ಮಾತ್ರ ಮೈಗೆ ಮೀರಿದ್ದು, ಮುಂದಕ್ಕೆ ಚಾಚಿಕೊಂಡಿರುತ್ತದೆ. ತಲೆಭಾಗ, ಕಾಲುಗಳು ಕಿತ್ತಳೆ ಬೆರೆತ ಕೆಂಪು. ಹೊಟ್ಟೆಗೆ ಮಾತ್ರ ಯಾವ ಬಣ್ಣವೂ ಹತ್ತಿಲ್ಲ: ಮಾಸಲು, ನುಣ್ಣಗೆ, ಹೊಳಪು. ಎರಡು ಬೇರೆ ಜೇಡಗಳನ್ನು ಜೋಡಿಸಿದ ಹಾಗಿದೆ ಅಂತ ನನಗೆ ಅನಿಸುತ್ತದೆ. ಕಣ್ಣು ಆರೇ. ಹೆಚ್ಚಿನ ಜೇಡಗಳಿಗೆ ಎಂಟಿರುತ್ತವೆ. ಆ ಆರೂ ತಲೆಯ ಮುಂದೆ ಒಂದೇ ಕಡೆ ಗುಂಪುಗೂಡಿವೆ. ರಾತ್ರಿ ಹೊತ್ತು ಕಲ್ಲಿನಡಿ ತಡಕಾಡುವುದಕ್ಕೆ ಅಷ್ಟು ಸಾಕು ಅಲ್ವಾ?

ಬೇಟೆಗೆ ಬಲೆ ನೇಯುವ ಗೊಡವೆ ಇದಕ್ಕಿಲ್ಲ. ನಡೆದುಕೊಂಡೇ ಹೋಗಿ ಹಿಡಿಯುತ್ತದೆ. ಆ ಹಿಡಿಯುವ ಕ್ರಮ ನೋಡಬೇಕು. ತಲೆಯನ್ನು ಓರೆ ಮಾಡಿ, ಒಂದು ಹಲ್ಲನ್ನು ಹುಳುವಿನ ಬೆನ್ನ ಮೇಲಿಟ್ಟು, ಇನ್ನೊಂದನ್ನು ಕೆಳಗಿನಿಂದ ತೂರಿಸುತ್ತದೆ. ಗಟ್ಟಿಯಿರುವುದು ಬೆನ್ನು ಮಾತ್ರ, ಹೊಟ್ಟೆ ಮೆತ್ತಗಿರುತ್ತದೆ. ವಿಷ ಇಳಿಯುವುದು ಅಲ್ಲಿ. ಇದೇ ಕುಲದ ಬೇರೆ ಜೇಡಗಳ ಹಲ್ಲಿನ ಆಕಾರವೇ ಬೇರೆ. ಕ್ಯಾನರಿ ದ್ವೀಪಗಳಲ್ಲೇ ಈ ಕುಲದ 40ಕ್ಕೂ ಹೆಚ್ಚು ಜಾತಿಗಳಿವೆ. ಕುಲದಲ್ಲಿ ಚಪ್ಪಟೆ ಹಲ್ಲಿನವೂ ಉಂಟು. ಅವು ಹುಳು ಉಂಡೆಯಾದರೂ ಕಂಗೆಡದೆ ಪಟ್ಟಿಗಳ ಸಂದಿಗೆ ಹಲ್ಲು ತೂರಿಸುತ್ತವೆ. ಕ್ರೊಕಾಟಾ ಇವುಗಳಷ್ಟು ಕಟ್ಟುನಿಟ್ಟಿನ ವ್ರತದ್ದಲ್ಲ. ಬೇರೆ ಸಣ್ಣ ಹುಳು ಸಿಕ್ಕರೂ ಬಿಡುವುದಿಲ್ಲ.

ರೇಷ್ಮೆಯನ್ನು ಪೂರ್ತಿ ಬಿಟ್ಟಿದೆ ಅಂತಲೂ ಅಲ್ಲ. ಕಲ್ಲಿನ ಸಂದಿಯಲ್ಲಿ ಚಿಕ್ಕದೊಂದು ರೇಷ್ಮೆಯ ಗೂಡು ಕಟ್ಟಿಕೊಂಡು ಹಗಲೆಲ್ಲ ಅಲ್ಲೇ ಮುದುಡಿಕೊಂಡಿರುತ್ತದೆ. ಹೆಣ್ಣು ಮೊಟ್ಟೆಯಿಡುವುದೂ ಅಂಥ ಗೂಡಿನೊಳಗೇ. ಬೇಟೆಗಾರನ ಮನೆ ಊಟದ ಮನೆಗೆ ಅಂಟಿಕೊಂಡೇ ಇರುತ್ತದೆ, ಓಡಾಟ ಕಮ್ಮಿ. ಆದರೂ ಮೆಡಿಟರೇನಿಯನ್ ಸೀಮೆಯ ಈ ಜೀವಿ ಇವತ್ತು ಅಮೆರಿಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲೂ ಬಾಳುತ್ತಿದೆ. ತಾನಾಗಿ ಹೋಗಿದ್ದಲ್ಲ ಬಿಡಿ, ಸಮುದ್ರ ದಾಟಿಸಿದ ಪುಣ್ಯ ಮನುಷ್ಯರದು.

ಆ ಹಲ್ಲು ಕಂಡು ಹೆದರುವವರು ಜಾಸ್ತಿ. ಅಡ್ಡ ಬಂದ ಬೆರಳನ್ನು ಅದು ಕಚ್ಚುವುದೂ ನಿಜ. ಸೂಜಿ ಚುಚ್ಚಿದಂತೆ ನೋವಾಗುತ್ತದೆ, ಸ್ವಲ್ಪ ಕೆಂಪಾಗುತ್ತದೆ, ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಇಳಿಯುತ್ತದೆ. ವಿಷದಿಂದ ಮನುಷ್ಯರಿಗೆ ಅಪಾಯವಿಲ್ಲ. ಕಲ್ಲು ಸರಿಸುವಾಗ ಕೈಗವಸು ಹಾಕಿಕೊಂಡರೆ ಅಷ್ಟು ತಕರಾರೂ ಇಲ್ಲ.