ಸಂಜೆ ಐದಕ್ಕೆ ಬಂದವರ ಕೂಲಿ

ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬ ಮುಗಿದು ತೇರಿನ ಗದ್ದಲ ಅಡಗಿದ ಮೇಲೆ, ಅದೇ ತಿಂಗಳ ಉತ್ತರಾರ್ಧದಲ್ಲಿ, ಮೂರು ವರ್ಷಕ್ಕೊಮ್ಮೆ ನಮ್ಮ ಭಾನುವಾರದ ಬಲಿಪೂಜೆಯ ಪಾಠವಾಗಿ ಯೇಸು ಹೇಳಿದ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ (ನೀತಿಕಥೆ) ಬರುತ್ತದೆ. ಬೆಳಗಿನಿಂದ ದುಡಿದವರಿಗೂ ಸಂಜೆ ಐದಕ್ಕೆ ಬಂದವರಿಗೂ ತೋಟದ ಯಜಮಾನ ಒಂದೇ ಕೂಲಿ ಕೊಟ್ಟ ಕಥೆ ಅದು. ಮತ್ತಾಯನ ಶುಭಸಂದೇಶದ 20ನೆಯ ಅಧ್ಯಾಯದ ಈ ಕಥೆಯನ್ನು ವಿವರಿಸುವ ಪ್ರಬೋಧನೆಗಳು ಸಾಮಾನ್ಯವಾಗಿ ಬೇಗನೆ ಸ್ವರ್ಗಕ್ಕೆ ಏರಿಬಿಡುತ್ತವೆ. ಕೊನೆಗಾಲದಲ್ಲಿ ಮನಸ್ಸು ತಿರುಗಿಸಿಕೊಂಡವನಿಗೂ ಅಲ್ಲಿ ಜಾಗವಿದೆ ಎನ್ನುತ್ತವೆ. ಅದು ತಪ್ಪಲ್ಲ. ಆದರೆ ಬೆಂಗಳೂರಿನಲ್ಲಿ ಕುಳಿತು ಕೇಳುವವರು ಇನ್ನಷ್ಟು ಹೊತ್ತು ನೆಲದ ಮೇಲೆಯೇ ಇರಬೇಕೆಂದು ನನ್ನ ಅಭಿಪ್ರಾಯ.

ಬೆಳಗಿನ ಏಳರ ಹೊತ್ತಿಗೆ ನಗರದ ಎಷ್ಟೋ ಸರ್ಕಲ್‌ಗಳಲ್ಲಿ ಗಾರೆಯವರು, ಪೇಂಟಿಂಗ್‌ನವರು, ಹೆಲ್ಪರ್ ಕೆಲಸದ ಹೆಂಗಸರು ಬುತ್ತಿ ಹಿಡಿದು ನಿಂತಿರುತ್ತಾರೆ; ಅವರಲ್ಲಿ ಅನೇಕರು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು. ಮೇಸ್ತ್ರಿ ಮೊದಲು ಗಟ್ಟಿಮುಟ್ಟಾದ ಹುಡುಗರನ್ನು ಆರಿಸಿಕೊಳ್ಳುತ್ತಾನೆ. ಹತ್ತೂವರೆಯಾದರೂ ಉಳಿದಿರುವವರು ವಯಸ್ಸಾದವರು, ಕಂಕುಳಲ್ಲಿ ಕೂಸಿರುವವರು. ಆಫೀಸಿಗೆ ಹೋಗುವ ನಮ್ಮ ಕಣ್ಣಿಗೆ ಅವರು ಸೋಮಾರಿಗಳಂತೆ ಕಾಣುವುದುಂಟು. ಸಾಮತಿಯ ಯಜಮಾನನೂ ಸಂಜೆ ಐದಕ್ಕೆ ಅದನ್ನೇ ಕೇಳುತ್ತಾನೆ: ದಿನವಿಡೀ ಇಲ್ಲಿ ಸುಮ್ಮನೆ ಏಕೆ ನಿಂತಿದ್ದೀರಿ? ನಮ್ಮನ್ನು ಯಾರೂ ಕರೆಯಲಿಲ್ಲ ಎಂಬ ಉತ್ತರವನ್ನು ಅವನು ಸಾಕ್ಷಿ ಪುರಾವೆ ಕೇಳದೆ ನಂಬುತ್ತಾನೆ. ನನ್ನ ಮಟ್ಟಿಗೆ ಕೃಪೆ ಶುರುವಾಗುವುದು ಇಲ್ಲಿಯೇ, ನಾಣ್ಯ ಕೈಗೆ ಬರುವ ಮೊದಲೇ.

ನಮ್ಮ ವ್ಯವಸ್ಥೆ ಪುರಾವೆ ಕೇಳುತ್ತದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ತಂದ ನಿಯಮದಂತೆ, ಕಲ್ಯಾಣ ಮಂಡಳಿಯ ಫಲಾನುಭವಿಯಾಗಲು ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ದುಡಿದಿರಬೇಕು. ಬೋಗಸ್ ಕಾರ್ಮಿಕ ಕಾರ್ಡ್‌ಗಳ ಹಾವಳಿ ಬಲ್ಲವರು ಲೆಕ್ಕವೇ ಬೇಡವೆನ್ನಲಾರರು; ನಾನೂ ಹಾಗೆನ್ನುವುದಿಲ್ಲ. ಆದರೆ ಯಾರೂ ಕರೆಯದವಳು ಆ 90 ದಿನಗಳನ್ನು ಎಲ್ಲಿಂದ ತರಬೇಕು?

ಯಜಮಾನ ಕೊಟ್ಟ ಒಂದು ಬೆಳ್ಳಿ ನಾಣ್ಯ ಅಂದಿನ ಒಂದು ದಿನದ ಕೂಲಿ. ಅದನ್ನು ಸಂಜೆಯೇ ಕೊಟ್ಟದ್ದೂ ಅವನ ಔದಾರ್ಯದಿಂದಲ್ಲ, ಕೂಲಿಯವನ ಹಣ ಮರುದಿನದವರೆಗೆ ನಿನ್ನಲ್ಲಿ ಉಳಿಯಬಾರದೆಂಬ, ಬೈಬಲಿನ ಯಾಜಕಕಾಂಡದ ಆಜ್ಞೆಯಂತೆ. ದುಡಿದದ್ದು ಒಂದು ತಾಸಾದರೂ ಮನೆಯವರ ಹಸಿವು ಇಡೀ ದಿನದ್ದು. ಕಾರ್ಮಿಕನ ಜೀವನಕ್ಕೆ ಕೂಲಿ ಸಾಲದಂತಿರಬಾರದೆಂದು ಪೋಪ್ 13ನೆಯ ಲಿಯೋ 1891ರಲ್ಲಿ ಬರೆದಾಗ ಧರ್ಮಸಭೆಯೂ ಇದನ್ನೇ ಹೇಳಿತು.

ಬೆಳಗಿನಿಂದ ಬಿಸಿಲಲ್ಲಿ ಬೆಂದವರ ಗೊಣಗಾಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ; ಅಪ್ರೈಸಲ್ ತಿಂಗಳಲ್ಲಿ ನಾನೂ ಅವರ ಪಕ್ಷವೇ. ಮನೆಯ ರಿಪೇರಿಗೆ ಮಧ್ಯಾಹ್ನ ಬಂದ ಗಾರೆಯವರಿಗೆ ಅರ್ಧ ದಿನದ ಕೂಲಿ ಎಣಿಸುವುದು ನ್ಯಾಯವೇ ಸರಿ, ಆದರೂ ಈ ಸಾಮತಿ ಕೇಳಿದ ಮೇಲೆ ಆ ನ್ಯಾಯದಲ್ಲಿ ನೆಮ್ಮದಿಯಿರುವುದಿಲ್ಲ. ದೇವಾಲಯದ ಕಾಂಪೌಂಡ್ ಕಟ್ಟಿಸುವಾಗಲಾದರೂ, ಹತ್ತೂವರೆಯ ತನಕ ಉಳಿದವರನ್ನು ಕರೆತಂದು ಪೂರ್ತಿ ದಿನದ ಕೂಲಿ ಕೊಡಬಹುದು. ಅದಕ್ಕೆ ಧರ್ಮಾಧ್ಯಕ್ಷರ ಸುತ್ತೋಲೆಯೇನೂ ಬೇಕಿಲ್ಲ.